ನೀಲ್ ಆಡಮ್ಸ್ ಕವರುಗಳನ್ನು ಕೈಯಾರೆ ಬರೆದು ನೋಡಿದೆ

ಕಾಮಿಕ್ಸ್ ಪುಸ್ತಕದ ಕವರ್ ಕಾಪಿ ಮಾಡಲು ಕೂತಾಗ ನಾನು ಮೊದಲು ಪ್ರಿಂಟನ್ನು ತಲೆಕೆಳಗಾಗಿ ಗೋಡೆಗೆ ಅಂಟಿಸುತ್ತೇನೆ. ಆಮೇಲೆ ಬಿಳಿ ಹಾಳೆಯ ಚೂರುಗಳಿಂದ ಅಕ್ಷರಗಳನ್ನೆಲ್ಲ ಮುಚ್ಚುತ್ತೇನೆ. ಪುಸ್ತಕದ ಹೆಸರು, ಬೆಲೆ, ಮಾತಿನ ಬಲೂನು, ಯಾವುದೂ ಕಾಣಬಾರದು. ಆಗ ಬ್ಯಾಟ್‌ಮ್ಯಾನ್ ಬ್ಯಾಟ್‌ಮ್ಯಾನ್ ಆಗಿ ಉಳಿಯುವುದಿಲ್ಲ. ಕಪ್ಪು ಎಲ್ಲಿ ಕೂತಿದೆ, ಬಿಳಿ ಎಲ್ಲಿ ಬಿಟ್ಟಿದ್ದಾರೆ ಅನ್ನೋದಷ್ಟೇ ಕಣ್ಣಿಗೆ ಬೀಳುತ್ತದೆ. ಅದನ್ನು ಬೆಂಕಿಪೊಟ್ಟಣದಷ್ಟು ದೊಡ್ಡ ಚೌಕದಲ್ಲಿ ಮಾರ್ಕರ್‌ನಿಂದ ಗೀಚಿಕೊಳ್ಳುತ್ತೇನೆ. ಆ ಚೌಕ ಸರಿ ಬರುವವರೆಗೆ ದೊಡ್ಡ ಹಾಳೆ ಮುಟ್ಟುವುದಿಲ್ಲ.

ಬ್ಯಾಟ್‌ಮ್ಯಾನ್, ಸೂಪರ್‌ಮ್ಯಾನ್ ಕವರುಗಳನ್ನು ಬರೆದ ಅಮೆರಿಕನ್ ಕಾಮಿಕ್ಸ್ ಕಲಾವಿದ ನೀಲ್ ಆಡಮ್ಸ್ ತೀರಿಕೊಂಡಿದ್ದು 2022ರ ಏಪ್ರಿಲ್ 28ರಂದು. 80 ವರ್ಷ ವಯಸ್ಸು. ಅವತ್ತು ಎಲ್ಲರೂ ಅವರ ಕವರುಗಳನ್ನು ಹಂಚಿಕೊಳ್ಳುತ್ತಿದ್ದರು, 'ಎಷ್ಟು ರಿಯಲಿಸ್ಟಿಕ್ ಅಲ್ವಾ' ಅನ್ನೋ ಮಾತು ಪದೇ ಪದೇ ಬರುತ್ತಿತ್ತು. ನಾನು ಪುಸ್ತಕಗಳಿಗೆ ಮುಖಪುಟ ಮಾಡಿಕೊಂಡು ಜೀವನ ಸಾಗಿಸುವವನು. ಆ ಮಾತು ಪೂರ್ತಿ ಒಪ್ಪಿಗೆಯಾಗಲಿಲ್ಲ. ನಿಜವಾದ ಮನುಷ್ಯರಂತೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಅವರ ಕವರುಗಳು ಯಾಕೆ ಹೀಗೆ ನೆನಪಲ್ಲಿ ಉಳಿಯುವುದಿಲ್ಲ? ಬರೆದು ನೋಡದೆ ಇದು ಗೊತ್ತಾಗುವುದಿಲ್ಲ ಅನ್ನಿಸಿ ಶುರು ಮಾಡಿದೆ.

ಅಳತೆ ಮೊದಲು. ಆ ಕಾಲದ ಅಮೆರಿಕನ್ ಕಾಮಿಕ್ಸಿನಲ್ಲಿ ಕಲಾವಿದರು ಸುಮಾರು 10 ಇಂಚು ಅಗಲ, 15 ಇಂಚು ಎತ್ತರದಲ್ಲಿ ಬರೆಯುತ್ತಿದ್ದರು. ಅಚ್ಚಾಗುವಾಗ ಅದು ಮೂರನೇ ಎರಡು ಭಾಗದಷ್ಟಕ್ಕೆ ಕುಗ್ಗುತ್ತಿತ್ತು. ನಮ್ಮ ಎ3 ಹಾಳೆಯಲ್ಲಿ ಈ ಅಳತೆ ಆರಾಮಾಗಿ ಕೂರುತ್ತದೆ. ಅಚ್ಚಾದ ಸೈಜಿಗೇ ಕಾಪಿ ಮಾಡಲು ಹೋದರೆ ಕೈ ಬಿಗಿಯುತ್ತದೆ, ಗೆರೆಗಳು ಸತ್ತು ಹೋಗುತ್ತವೆ. ದಪ್ಪ ಐವರಿ ಹಾಳೆ, ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕು, ಮೂರನೇ ನಂಬರಿನ ರೌಂಡ್ ಬ್ರಶ್ಶು, ಒಂದು ನಿಬ್ಬು, ಸ್ವಲ್ಪ ಪೋಸ್ಟರ್ ವೈಟು. ಇಷ್ಟು ಸಾಕು.

ಮೊದಲು ತೆಗೆದುಕೊಂಡಿದ್ದು ಬ್ಯಾಟ್‌ಮ್ಯಾನ್ 227, ಡಿಸೆಂಬರ್ 1970ರ ಸಂಚಿಕೆ. ಇದಕ್ಕೆ ಒಂದು ಕಾರಣ ಇತ್ತು. ಈ ಕವರ್ ಸ್ವತಃ ಇನ್ನೊಂದು ಕವರಿನ ನೆನಪು. 1939ರ ಸೆಪ್ಟೆಂಬರಿನ ಡಿಟೆಕ್ಟಿವ್ ಕಾಮಿಕ್ಸ್ 31ರ ಮೇಲೆ ಬಾಬ್ ಕೇನ್ ಹೆಸರಿನಲ್ಲಿ ಬಂದ ಚಿತ್ರದಲ್ಲಿ, ಬೆಟ್ಟದ ಮೇಲಿನ ಕೋಟೆಯ ಹಿಂದೆ ಆಕಾಶದಷ್ಟು ದೊಡ್ಡ ಬ್ಯಾಟ್‌ಮ್ಯಾನ್ ನಿಂತಿದ್ದಾನೆ. ಆಡಮ್ಸ್ ಅದೇ ಜೋಡಣೆ ಇಟ್ಟುಕೊಂಡರು. ಕೆಳಗೆ ಭಯಪಟ್ಟ ಹೆಂಗಸು, ಹಿಂದೆ ಹಳೇ ಬಂಗಲೆ, ಎಲ್ಲದರ ಮೇಲೆ ಬ್ಯಾಟ್‌ಮ್ಯಾನ್. ಎರಡೂ ಪ್ರಿಂಟುಗಳನ್ನು ಪಕ್ಕಪಕ್ಕ ಇಟ್ಟು ಬೆಂಕಿಪೊಟ್ಟಣದ ಸೈಜಿಗೆ ಗೀಚಿದಾಗ ಎರಡೂ ಹೆಚ್ಚು ಕಡಿಮೆ ಒಂದೇ ಥರ ಬಂದವು. ಅಂದರೆ ಕವರಿನ ಬೆನ್ನೆಲುಬು 1939ರಲ್ಲೇ ಇತ್ತು. ಮೈಕಟ್ಟು, ಬಟ್ಟೆಯ ಮಡಿಕೆ, ಕತ್ತಲ ಆಳ ಇವೆಲ್ಲ ಆಮೇಲೆ ಅದರ ಮೇಲೆ ಬಂದು ಕೂತಿವೆ.

ಹಾಗಂತ ಆಮೇಲೆ ಬಂದದ್ದು ಸಣ್ಣದಲ್ಲ. 1966ರಿಂದ 68ರವರೆಗೆ ನಡೆದ ಟಿವಿ ಸರಣಿಯಿಂದ ಬ್ಯಾಟ್‌ಮ್ಯಾನ್ ನಗೆಚಾಟಿಕೆಯ ಪಾತ್ರ ಆಗಿಬಿಟ್ಟಿದ್ದ. ಲೇಖಕ ಡೆನ್ನಿ ಒ'ನೀಲ್ ಕಥೆಗಳಲ್ಲಿ, ಆಡಮ್ಸ್ ಚಿತ್ರಗಳಲ್ಲಿ ಅವನನ್ನು ಮತ್ತೆ ರಾತ್ರಿಗೆ ಕರೆದುಕೊಂಡು ಹೋದರು. ಇದು ಗೆರೆಯಲ್ಲಿ ಹೇಗೆ ಆಗುತ್ತದೆ ಅಂತ ಅವನ ಬೆನ್ನ ಮೇಲಿನ ಕೇಪಿಗೆ ಇಂಕು ಹಾಕುವಾಗ ಗೊತ್ತಾಯಿತು. ಕೇಪಿನ ಒಳಗೆ ಗೆರೆಗಳೇ ಕಡಿಮೆ, ಇರುವುದೆಲ್ಲ ತುಂಬಿದ ಕಪ್ಪು. ಅಂಚಿಗೆ ಬಂದಾಗ ಮಾತ್ರ ಬ್ರಶ್ಶು ಕಪ್ಪಿನಿಂದ ಬೆಳಕಿನ ಕಡೆ ಹೊರಡುತ್ತದೆ. ದಪ್ಪಗೆ ಶುರುವಾಗಿ ಕೂದಲೆಳೆಯಷ್ಟು ತೆಳ್ಳಗಾಗಿ ನಿಲ್ಲುತ್ತದೆ. ಎಳೆಯುವಾಗ ಮಣಿಕಟ್ಟು ಅಲುಗಬಾರದು, ಮೊಣಕೈಯಿಂದ ಎಳೆದು ಕೊನೆಯಲ್ಲಿ ಬ್ರಶ್ಶನ್ನು ಹಾಳೆಯಿಂದ ಎತ್ತಿಬಿಡಬೇಕು. ಬೆಳಕಿನಿಂದ ಕಪ್ಪಿನ ಕಡೆಗೆ ಎಳೆದರೆ ಅದೇ ಗೆರೆ ಪೊರಕೆ ಕಡ್ಡಿಯಂತೆ ಕಾಣುತ್ತದೆ, ಬೇಕಿದ್ದರೆ ಒಮ್ಮೆ ಮಾಡಿ ನೋಡಿ.

ಆಡಮ್ಸ್ ಶುರುವಿನಲ್ಲಿ ನ್ಯೂಯಾರ್ಕಿನ ಜಾನ್‌ಸ್ಟೋನ್ ಅಂಡ್ ಕುಶಿಂಗ್ ಅನ್ನುವ ಕಂಪನಿಗೆ ಕಾಮಿಕ್ಸ್ ರೂಪದ ಜಾಹೀರಾತು ಮಾಡುತ್ತಿದ್ದವರು. ಆಮೇಲೆ 1962ರಿಂದ 66ರವರೆಗೆ ಬೆನ್ ಕೇಸಿ ಅನ್ನುವ ಡಾಕ್ಟರ್ ಕಥೆಯ ಸ್ಟ್ರಿಪ್ಪನ್ನು ಪತ್ರಿಕೆಗಳಿಗೆ ದಿನಾ ಬರೆದರು. ಜಾಹೀರಾತಿನಲ್ಲಿ ಪಳಗಿದ ಕೈ ಅನ್ನೋದು ಅವರ ಕವರುಗಳಲ್ಲಿ ಎದ್ದು ಕಾಣುತ್ತದೆ. ಅಂಗಡಿಯ ಸ್ಟ್ಯಾಂಡಿನಲ್ಲಿ ಹತ್ತಾರು ಪುಸ್ತಕಗಳ ಮಧ್ಯೆ ಇದೊಂದನ್ನೇ ಕೈ ಎತ್ತಿಕೊಳ್ಳಬೇಕು, ಅಷ್ಟೇ ಲೆಕ್ಕ. ಆಗ ಬ್ಯಾಟ್‌ಮ್ಯಾನ್, ಸೂಪರ್‌ಮ್ಯಾನ್ ಪುಸ್ತಕಗಳ ಪ್ರಕಾಶನವಾದ ಡಿಸಿಯಲ್ಲಿ ಸಂಪಾದಕೀಯದ ಹೊಣೆ ಹೊತ್ತಿದ್ದ ಕಲಾವಿದ ಕಾರ್ಮೈನ್ ಇನ್‌ಫ್ಯಾಂಟಿನೊ ಎಷ್ಟೋ ಕವರುಗಳ ಲೇಔಟನ್ನು ತಾವೇ ಗೀಚಿ ಕೊಡುತ್ತಿದ್ದರು ಅನ್ನೋದನ್ನೂ ಮರೆಯಬಾರದು. ಎಲ್ಲ ಹೊಗಳಿಕೆಯನ್ನೂ ಒಬ್ಬರ ತಲೆಗೇ ಕಟ್ಟೋದು ನ್ಯಾಯವಲ್ಲ.

ಸೂಪರ್‌ಮ್ಯಾನ್ 233, ಜನವರಿ 1971. ಅವನ ಶಕ್ತಿ ಕುಂದಿಸುವ ಹಸಿರು ಕ್ರಿಪ್ಟೊನೈಟ್ ಸರಪಳಿಯನ್ನು ಸೂಪರ್‌ಮ್ಯಾನ್ ಎದೆಯುಬ್ಬಿಸಿ ಕಿತ್ತೊಗೆಯುವ ಚಿತ್ರ. ಒಳಗಿನ ಪುಟಗಳನ್ನು ಬರೆದವರು ಕರ್ಟ್ ಸ್ವಾನ್ ಮತ್ತು ಮರ್ಫಿ ಆಂಡರ್ಸನ್, ಆದರೆ ಆ ಸಂಚಿಕೆ ಅಂದ ತಕ್ಷಣ ನೆನಪಾಗೋದು ಕವರೇ. ಇದರ ಅಕ್ಷರ ಮುಚ್ಚಿ ನೋಡಿದೆ. ಒಂದಕ್ಷರ ಓದದಿದ್ದರೂ ವಿಷಯ ಗೊತ್ತಾಗುತ್ತದೆ, ಇವನನ್ನು ಕಟ್ಟಿಹಾಕಿದ್ದರು, ಇನ್ನು ಆಗಲ್ಲ. ಬರೆಯಲು ಕಷ್ಟ ಕೊಟ್ಟಿದ್ದು ಮೈಯಲ್ಲ, ಸರಪಳಿ. ಒಂದೊಂದು ಕೊಂಡಿಯೂ ಬೇರೆ ಬೇರೆ ಕಡೆ ತಿರುಗಿರುತ್ತದೆ. ಒಂದೇ ಕೊಂಡಿಯನ್ನು ಕಾಪಿ ಹೊಡೆಯುತ್ತಾ ಹೋದರೆ ಸರಪಳಿ ಹಾರುವುದಿಲ್ಲ, ನೇತಾಡುತ್ತದೆ. ಕೊನೆಗೆ ಗೇಟಿನ ಸರಪಳಿ ತಂದು ಮೇಜಿನ ಮೇಲೆ ಚೆಲ್ಲಿ, ಟೇಬಲ್ ಲ್ಯಾಂಪಿನ ಬೆಳಕಿನಲ್ಲಿ ಕೊಂಡಿ ಕೊಂಡಿಯಾಗಿ ನೋಡಿಕೊಂಡು ಪೆನ್ಸಿಲ್ ಹಾಕಿದೆ.

ಸೂಪರ್‌ಮ್ಯಾನ್ ಬರೆಯುವಾಗ ಇನ್ನೊಂದು ವಿಷಯ ತಲೆಯಲ್ಲಿ ಓಡುತ್ತಿತ್ತು. ಆ ಪಾತ್ರವನ್ನು ಹುಟ್ಟಿಸಿದ ಜೆರಿ ಸೀಗಲ್ ಮತ್ತು ಜೋ ಶುಸ್ಟರ್ ವಯಸ್ಸಾದ ಕಾಲದಲ್ಲಿ ಕೈಯಲ್ಲಿ ಕಾಸಿಲ್ಲದೆ ಕೂತಿದ್ದರು. 1975ರಲ್ಲಿ ಅವರ ಪರವಾಗಿ ಓಡಾಡಿದವರಲ್ಲಿ ಆಡಮ್ಸ್ ಮುಂದಿದ್ದರು. ಕೊನೆಗೆ ಇಬ್ಬರಿಗೂ ಪಿಂಚಣಿ ಸಿಕ್ಕಿತು, ಪುಸ್ತಕದಲ್ಲಿ ಅವರ ಹೆಸರು ಮತ್ತೆ ಅಚ್ಚಾಯಿತು. ಮುಖಪುಟ ಮಾಡಿದವನ ಹೆಸರನ್ನು ಒಳಪುಟದಲ್ಲಿ ಹುಡುಕಿಕೊಳ್ಳಬೇಕಾದ ನಮ್ಮಂಥವರಿಗೆ ಇದು ಆಡಮ್ಸ್ ಅವರ ಯಾವ ಕವರಿಗಿಂತಲೂ ಕಡಿಮೆಯಲ್ಲ.

ಎಲ್ಲ ಕವರೂ ಈ ಅಕ್ಷರ ಮುಚ್ಚುವ ಪರೀಕ್ಷೆಗೆ ಸುಲಭವಾಗಿ ಒಗ್ಗುವುದಿಲ್ಲ. 1971ರ ಗ್ರೀನ್ ಲ್ಯಾಂಟರ್ನ್ 85, ಗ್ರೀನ್ ಆ್ಯರೋ ಅನ್ನುವ ಹೀರೊ ಸಾಕಿದ ಹುಡುಗನೇ ಡ್ರಗ್ಸ್ ಚಟಕ್ಕೆ ಬಿದ್ದಿದ್ದಾನೆ ಅಂತ ತೋರಿಸುವ ಕವರ್, ಚರಿತ್ರೆಯ ಲೆಕ್ಕದಲ್ಲಿ ದೊಡ್ಡದು. ಆದರೆ ಕವರ್ ಆಗಿ ನನಗೆ ಅಷ್ಟು ಹಿಡಿಸುವುದಿಲ್ಲ. ಹುಡುಗನ ಭಂಗಿಯೇ ಎಲ್ಲ ಹೇಳಿಬಿಟ್ಟಿದೆ, ಅದರ ಮೇಲೆ ಬಲೂನುಗಳು ಬಂದು ಅದನ್ನೇ ಕೂಗಿ ಹೇಳುತ್ತವೆ. ಇನ್ನು 1978ರ ಸೂಪರ್‌ಮ್ಯಾನ್ ಮತ್ತು ಮುಹಮ್ಮದ್ ಅಲಿ ಕವರಿನಲ್ಲಿ ರಿಂಗಿನ ಸುತ್ತ 170ಕ್ಕೂ ಹೆಚ್ಚು ಗುರುತಿಸಬಹುದಾದ ಮುಖಗಳಿವೆ. ಅದನ್ನು ಕಾಪಿ ಮಾಡುವ ತಾಳ್ಮೆ ನನಗಿಲ್ಲ, ನಮಸ್ಕಾರ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲೆ ಬ್ಯಾಟ್‌ಮ್ಯಾನ್ 251, ಸೆಪ್ಟೆಂಬರ್ 1973. ಬ್ಯಾಟ್‌ಮ್ಯಾನ್‌ನ ಶತ್ರು ಜೋಕರ್ ದೈತ್ಯಾಕಾರದಲ್ಲಿ, ಕೈಯಲ್ಲಿ ಇಸ್ಪೀಟ್ ಎಲೆ, ಆ ಎಲೆಗೆ ಕಟ್ಟಿಹಾಕಿದ ಪುಟ್ಟ ಬ್ಯಾಟ್‌ಮ್ಯಾನ್. ಕಥೆಯಲ್ಲಿ ಇಂಥ ದೃಶ್ಯವೇ ಇಲ್ಲ, ಅಲ್ಲಿ ಜೋಕರ್ ಅವನನ್ನು ಶಾರ್ಕ್ ಇರುವ ತೊಟ್ಟಿಗೆ ತಳ್ಳುತ್ತಾನೆ. ಕವರ್ ಆ ಘಟನೆ ಬಿಟ್ಟು ಇಬ್ಬರ ನಡುವಿನ ಆಟವನ್ನು ತೋರಿಸಿತು. ಕಾದಂಬರಿಗೆ ಮುಖಪುಟ ಮಾಡುವಾಗ ನಾವು ಒಳಗಿನ ಯಾವುದೋ ಒಂದು ದೃಶ್ಯ ಹಿಡಿದು ಕೂರುತ್ತೇವಲ್ಲ, ಅದು ಬೇಕಾಗಿಯೇ ಇಲ್ಲ.

ಇದರಲ್ಲಿ ಮುಖಕ್ಕಿಂತ ಮೊದಲು ಬೆರಳುಗಳನ್ನು ಬರೆದೆ. ಎಲೆ ಹಿಡಿದ ಬೆರಳುಗಳಲ್ಲಿ ಗತ್ತು ಬರದಿದ್ದರೆ ಬ್ಯಾಟ್‌ಮ್ಯಾನ್ ಸಣ್ಣವನಾಗುವುದಿಲ್ಲ, ಬೊಂಬೆಯಾಗುತ್ತಾನೆ. ನಿಜವಾದ ಇಸ್ಪೀಟ್ ಎಲೆ ಹಿಡಿದು ಫೋನಿನಲ್ಲಿ ನನ್ನದೇ ಕೈಯ ಫೋಟೊ ತೆಗೆದುಕೊಂಡೆ. ನಗುವಿಗೆ ಕನ್ನಡಿ ಮುಂದೆ ನಿಂತೆ, ಮನೆಯವರು ನೋಡಿ ಏನಂದುಕೊಂಡರೋ. ಹಲ್ಲಿನ ವಿಷಯದಲ್ಲಿ ಒಂದು ಸಂಗತಿ: ಹಲ್ಲಿಗೂ ಹಲ್ಲಿಗೂ ಮಧ್ಯೆ ಪೂರ್ತಿ ಗೆರೆ ಎಳೆಯಬೇಡಿ. ಒಸಡಿನ ಹತ್ತಿರ ಚಿಕ್ಕ ಗುರುತು, ಕೆಳಗೆ ಒಂದು ಚುಕ್ಕೆ, ಮಧ್ಯೆ ಬಿಳಿ ಬಿಡಿ. ಗೆರೆ ಪೂರ್ತಿ ಎಳೆದರೆ ಜೋಕರ್ ಎಲೆಅಡಿಕೆ ಹಾಕುವ ಮುದುಕನಾಗುತ್ತಾನೆ.

ಬಣ್ಣಕ್ಕೆ ಕಂಪ್ಯೂಟರ್ ಬಳಸಿದೆ, ಆದರೆ ಹಳೇ ಕಟ್ಟುಪಾಡು ಹಾಕಿಕೊಂಡೆ. ಆಗಿನ ಅಚ್ಚಿನಲ್ಲಿ ನೀಲಿ, ಕೆಂಪು, ಹಳದಿ ಮೂರಕ್ಕೂ ನಾಲ್ಕೇ ಹಂತ: ಸೊನ್ನೆ, 25, 50, 100 ಶೇಕಡಾ. ಗುಣಿಸಿದರೆ 64 ಬಣ್ಣ. ಡಿಸಿಯಲ್ಲಿ ಅದರಲ್ಲೂ 32 ಮಾತ್ರ ಬಳಸುತ್ತಿದ್ದರು, ತಾನು ಜಗಳ ಮಾಡಿ ಪೂರ್ತಿ 64 ತರಿಸಿದೆ ಅಂತ ಆಡಮ್ಸ್ ಹೇಳಿಕೊಳ್ಳುತ್ತಿದ್ದರು. ನಾನೂ ಆ 64ರ ಪಟ್ಟಿ ಮಾಡಿಟ್ಟುಕೊಂಡು ಅದರಾಚೆ ಹೋಗಲಿಲ್ಲ. ಜೋಕರ್ ಕೂದಲಿನ ಹಸಿರಿಗೆ ಹಳದಿ 100, ನೀಲಿ 50 ಇಟ್ಟೆ. ಗ್ರೇಡಿಯಂಟ್, ಅಂದರೆ ಒಂದು ಬಣ್ಣ ನಿಧಾನಕ್ಕೆ ಇನ್ನೊಂದಾಗುವ ಛಾಯೆ, ಹಾಕುವ ಆಸೆ ಆದಾಗೆಲ್ಲ ಮತ್ತೆ ಇಂಕಿಗೆ ಹೋಗಿ ಒಂದಿಷ್ಟು ಕಪ್ಪು ಸೇರಿಸಿದೆ. ಮಾಡಿ ನೋಡುವವರು ಹಳೇ ಅಚ್ಚಿನಲ್ಲಿ ತಿಳಿ ಬಣ್ಣ ತೋರಿಸುತ್ತಿದ್ದ ಚುಕ್ಕೆಗಳನ್ನು ಫೈಲಿನಲ್ಲೇ ಹಾಕುವುದಾದರೆ ಕವರನ್ನು ಪ್ರಿಂಟಿನ ಸೈಜಿಗೆ ಕುಗ್ಗಿಸಿಕೊಂಡ ಮೇಲೆ ಹಾಕಿ, ಚುಕ್ಕೆ ಹಾಕಿ ಆಮೇಲೆ ಕುಗ್ಗಿಸಿದರೆ ಪ್ರಿಂಟಿನಲ್ಲಿ ಅಲೆ ಅಲೆಯಾಗಿ ಬಂದುಬಿಡುತ್ತದೆ.