ಮನೆತನದ ಕಥೆಯನ್ನು ಎಲ್ಲಿಂದ ಶುರುಮಾಡಬೇಕು?

ಮನೆತನದ ಕಥೆ ಬರೆಯಲು ಕೂತವರು ಸಾಮಾನ್ಯವಾಗಿ ಮೊದಲ ಪುಟದಲ್ಲೇ ವಂಶವೃಕ್ಷ ಬಿಡಿಸಿ, ಮೂಲಪುರುಷರಿಂದ ಆರಂಭಿಸಿ, ಮೂರನೆಯ ತಲೆಮಾರಿಗೆ ಬರುವಷ್ಟರಲ್ಲಿ ದಣಿದು ಕೈಚೆಲ್ಲುತ್ತಾರೆ. ವಂಶವೃಕ್ಷ ಬರೆಯುವವರ ಅನುಕೂಲಕ್ಕಿರಲಿ. ಓದುಗರನ್ನು ಹಿಡಿದಿಡುವುದು ಮನೆಯವರಿಗೇ ಬಗೆಹರಿಯದ ಒಂದು ಪ್ರಶ್ನೆ. ನಮ್ಮ ಮನೆಯ ಪ್ರಶ್ನೆ ಇದು: ಗೌರಿಬಿದನೂರು ತಾಲ್ಲೂಕಿನಲ್ಲಿದ್ದ ಎರಡು ಎಕರೆ ತರಿ ಜಮೀನನ್ನು ಮುತ್ತಾತ ಏಕೆ ಮಾರಿದರು?

ಪ್ರಶ್ನೆ ಸಿಕ್ಕ ಮೇಲೆ ಹಿರಿಯರನ್ನು ಮಾತನಾಡಿಸಬೇಕು. ಇಸವಿ ಕೇಳಿ ಪ್ರಯೋಜನವಿಲ್ಲ, ಏಕೆಂದರೆ ನಮ್ಮ ಕಡೆಯ ಹಿರಿಯರ ಲೆಕ್ಕವೆಲ್ಲ ಬರ, ಕೆರೆಯ ಕೋಡಿ, ಸಂವತ್ಸರಗಳದ್ದು. "ವಿದುರಾಶ್ವತ್ಥದಲ್ಲಿ ಗುಂಡು ಹಾರಿಸಿದ ವರ್ಷವೇ ಜಮೀನು ಕೈಬಿಟ್ಟಿತು" ಎಂದು ಅಜ್ಜಿ ಹೇಳುತ್ತಿದ್ದರು. ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಅಲ್ಲಿ ಪೊಲೀಸರು ಗುಂಡು ಹಾರಿಸಿದ್ದು 1938ರ ಏಪ್ರಿಲ್ 25ರಂದು. ಹೀಗೆ ನೆನಪಿಗೊಂದು ತಾರೀಖು ದೊರೆಯುತ್ತದೆ. ಸಂವತ್ಸರದ ಹೆಸರು ಹೇಳಿದರೆ ಮಾತ್ರ ತುಸು ಎಚ್ಚರ ಬೇಕು, ಅದು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ: ಬಹುಧಾನ್ಯ 1878ರಲ್ಲೂ ಬಂದಿತ್ತು, 1938ರಲ್ಲೂ ಬಂದಿತ್ತು. ತೆಲುಗು ಬೆರೆತ ಅವರ ಮಾತನ್ನು ತಿದ್ದದೆ, ಹೇಳಿದ ಹಾಗೆಯೇ ಬರೆದುಕೊಳ್ಳಿ.

ಆಮೇಲೆ ಕಾಗದಪತ್ರ. ಪಹಣಿ, ಶಾಲೆಯ ದಾಖಲಾತಿ ಪುಸ್ತಕ ಎಲ್ಲವೂ ಉಪಯುಕ್ತವೇ, ಆದರೆ ನನ್ನ ಮಟ್ಟಿಗೆ ಹಳೆಯ ಕ್ರಯಪತ್ರಕ್ಕೆ ಸಮನಾದದ್ದಿಲ್ಲ. ಮನೆಯ ಪೆಟ್ಟಿಗೆಯಲ್ಲಿ ಸಿಗದಿದ್ದರೆ ಉಪನೋಂದಣಿ ಕಚೇರಿಯಲ್ಲಿ ನಕಲಿಗೆ ಅರ್ಜಿ ಹಾಕಬಹುದು. ನಮ್ಮ ಪತ್ರದ ಚಕ್ಕುಬಂದಿಯಲ್ಲಿ, ಅಂದರೆ ಜಮೀನಿನ ನಾಲ್ಕು ಎಲ್ಲೆಗಳ ವಿವರದಲ್ಲಿ, ಪೂರ್ವಕ್ಕೆ ಕೆರೆ ಕಾಲುವೆ, ದಕ್ಷಿಣಕ್ಕೆ ಹುಣಸೆಮರ ಮತ್ತು ಗಾಡಿದಾರಿ ಎಂದಿತ್ತು. ಕಾಣದ ಜಮೀನು ಕಣ್ಣೆದುರು ಬಂದು ನಿಲ್ಲಲು ಅಷ್ಟು ಸಾಕಾಯಿತು. ಓದು ಬಲ್ಲವರೆಂದು ಎಲ್ಲರೂ ಕೊಂಡಾಡುತ್ತಿದ್ದ ಮುತ್ತಾತನ ಹೆಸರಿನ ಪಕ್ಕದಲ್ಲಿ ಹೆಬ್ಬೆಟ್ಟಿನ ಗುರುತಿತ್ತು.

ಪತ್ರದ ತಾರೀಖು 1941ರದು. ಇಂಥ ಕಡೆ ಅಜ್ಜಿಯ ಮಾತನ್ನು ತಪ್ಪೆಂದು ಹೊಡೆದುಹಾಕುವ ಆತುರ ಬೇಡ. ಮತ್ತೆ ಓದಿದಾಗ, ಅದೇ ಜಮೀನು 1938ರಲ್ಲಿ ಭೋಗ್ಯಕ್ಕೆ (ಸಾಲ ಕೊಟ್ಟವರೇ ಉಳುವಂತೆ ಒತ್ತೆಗೆ) ಹೋಗಿತ್ತೆಂದೂ, ಆ ಬಾಕಿ ತೀರಿಸಲೆಂದೇ ಮಾರಾಟವಾಯಿತೆಂದೂ ಒಳಗೆ ಬರೆದಿತ್ತು. ಉಳುವವರಿಗೆ ಜಮೀನು ಕೈಬಿಡುವುದು ಉಳುಮೆ ನಿಂತ ದಿನ, ಸರ್ಕಾರಕ್ಕೆ ನೋಂದಣಿಯಾದ ದಿನ. ಬರಹ ನೆಲೆನಿಲ್ಲಬೇಕಾದದ್ದು ಈ ಮೂರು ವರ್ಷಗಳ ನಡುವೆ.

ಬರೆಯುವಾಗ ಹೆಬ್ಬೆಟ್ಟು ಒತ್ತಿದ ದಿನದಿಂದ ಆರಂಭಿಸಿ ಹಿಂದಕ್ಕೆ ಹೋಗಿ. ಮುತ್ತಾತನ ಕಣ್ಣು ಒದ್ದೆಯಾಯಿತು ಎಂದು ಬರೆಯಬೇಡಿ, ಕಂಡವರಿಲ್ಲ. ಊಹೆಯಿದ್ದಲ್ಲಿ "ಇದ್ದಿರಬಹುದು" ಎಂದೇ ಬರೆಯಿರಿ. ಕೊನೆಗೆ ಕರಡನ್ನು ಮನೆಯವರಿಗೆ ಓದಿ ಹೇಳಿ. ನಾನು ಓದಿದಾಗ ಸಾಲದ ವಿಚಾರಕ್ಕೆ ಚಿಕ್ಕಪ್ಪ ತುಟಿ ಬಿಚ್ಚಲಿಲ್ಲ. ಹುಣಸೆಮರ ಇದ್ದದ್ದು ದಕ್ಷಿಣಕ್ಕಲ್ಲ, ಉತ್ತರಕ್ಕೆ ಎಂದು ಜಗಳ ತೆಗೆದರು. ಆ ಜಗಳವೂ ಈಗ ಐದನೆಯ ಪುಟದಲ್ಲಿದೆ.