ಕೆನೆ ಕಟ್ಟಿದ ಸೀರಮ್

ದಾವಣಗೆರೆಯ ಒಂದು ಚಿಕ್ಕ ಲ್ಯಾಬಿನಲ್ಲಿ ನಾನು ಹದಿನಾಲ್ಕು ವರ್ಷದಿಂದ ಟೆಕ್ನಿಷಿಯನ್. ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಬ್ಬಿನ ಪರೀಕ್ಷೆ, ಎಷ್ಟು ಮಾಡಿದ್ದೇನೋ ಲೆಕ್ಕವಿಲ್ಲ. ಆದರೆ ರಿಪೋರ್ಟಿನಲ್ಲಿ ದಿನಾ ಬರೆಯುವ ಎಚ್‌ಡಿಎಲ್, ಎಲ್‌ಡಿಎಲ್ ಅನ್ನುವ ಕೊಲೆಸ್ಟ್ರಾಲ್ ಹೊರುವ ಕಣಗಳು ಅಂದರೆ ಏನು ಅಂತ ಸರಿಯಾಗಿ ತಿಳಿದದ್ದು ಒಂದು ತಪ್ಪು ಮಾಡಿದ ಮೇಲೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ. ಹನ್ನೊಂದರ ಹೊತ್ತಿಗೆ ಒಬ್ಬ ಹಿರಿಯರು ಬಂದರು. ಸಕ್ಕರೆ ಕಾಯಿಲೆ ಇತ್ತು. 'ಯಜಮಾನ್ರೇ, ಊಟ ಮಾಡಿಲ್ಲ ತಾನೇ?' ಅಂದೆ. 'ಇಲ್ಲಪ್ಪ' ಅಂದರು. ರಕ್ತ ತೆಗೆದೆ. ಹೆಪ್ಪುಗಟ್ಟಿದ ಮೇಲೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದೆ. ಹೆಪ್ಪು ತಳಕ್ಕೆ ಹೋಗಿ ಮೇಲೆ ಉಳಿಯುವ ದ್ರವ, ಅಂದರೆ ಸೀರಮ್, ತಿಳಿ ಹಳದಿ ಇರಬೇಕು. ಇದು ಮಜ್ಜಿಗೆ ತರ ಬೆಳ್ಳಗಿತ್ತು.

ಆಗ ನಮ್ಮಲ್ಲಿ ಎಚ್‌ಡಿಎಲ್ ನೇರವಾಗಿ ಅಳೆಯುವ ಕಿಟ್ ಇರಲಿಲ್ಲ. ಸೀರಮ್‌ಗೆ ಫಾಸ್ಫೋಟಂಗ್‌ಸ್ಟಿಕ್ ಆಸಿಡ್ ಮತ್ತು ಮೆಗ್ನೀಸಿಯಂ ಕ್ಲೋರೈಡ್ ಇರುವ ರೀಜೆಂಟ್ ಹಾಕಿ ಹತ್ತು ನಿಮಿಷ ಬಿಡುತ್ತಿದ್ದೆವು. ಎಚ್‌ಡಿಎಲ್ ಒಂದನ್ನು ಬಿಟ್ಟು ಕೊಲೆಸ್ಟ್ರಾಲ್ ಹೊರುವ ಉಳಿದ ಕಣಗಳೆಲ್ಲ ಒಡೆದ ಹಾಲಿನಂತೆ ಗಸಿಯಾಗುತ್ತೆ. ತಿರುಗಿಸಿದರೆ ಗಸಿ ತಳಕ್ಕೆ ಕೂರುತ್ತೆ. ಮೇಲಿನ ತಿಳಿಯಲ್ಲಿ ಉಳಿದ ಕೊಲೆಸ್ಟ್ರಾಲೇ ಎಚ್‌ಡಿಎಲ್ ಲೆಕ್ಕ. ಅವತ್ತು ಗಸಿ ತಳಕ್ಕೆ ಇಳಿಯಲೇ ಇಲ್ಲ, ಮೇಲೆ ತೇಲಿತು. ಸೀರಮ್‌ಗೆ ಸಲೈನ್ ಸೇರಿಸಿ, ತೆಳು ಮಾಡಿ, ಮತ್ತೆ ಮೊದಲಿಂದ ಮಾಡಿದಾಗ ಕೂತಿತು. ಅಲ್ಲಿಗೇ ನನಗೆ ಅನುಮಾನ ಬರಬೇಕಿತ್ತು.

ಒಟ್ಟು ಕೊಲೆಸ್ಟ್ರಾಲ್ 212, ಎಚ್‌ಡಿಎಲ್ 36, ಟ್ರೈಗ್ಲಿಸರೈಡ್ ಅನ್ನುವ ಕೊಬ್ಬು 640, ಎಲ್ಲವೂ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ಎಲ್‌ಡಿಎಲ್‌ಗೆ ನಾವು ಬಳಸುತ್ತಿದ್ದದ್ದು 1972ರ ಫ್ರೀಡ್‌ವಾಲ್ಡ್ ಸೂತ್ರ. ಒಟ್ಟರಲ್ಲಿ ಎಚ್‌ಡಿಎಲ್ ಕಳೆಯಿರಿ, ಟ್ರೈಗ್ಲಿಸರೈಡಿನ ಐದನೇ ಒಂದು ಪಾಲನ್ನೂ ಕಳೆಯಿರಿ. ಬಂದದ್ದು 48. ಸುಮ್ನೆ ಬರೆದು ಕಳಿಸಿಬಿಟ್ಟೆ. ಸಂಜೆ ಡಾಕ್ಟರ್ ಫೋನ್. 'ಏನಪ್ಪಾ ಇದು? ಈ ಮನುಷ್ಯನಿಗೆ ಎಲ್‌ಡಿಎಲ್ ಇಷ್ಟು ಕಡಿಮೆ, 48, ಹೆಂಗೆ ಬರುತ್ತೆ?'

ನಮ್ಮ ಲ್ಯಾಬಿನ ಸೀನಿಯರ್ ಬೈಯಲಿಲ್ಲ. ಉಳಿದ ಸೀರಮ್ ಫ್ರಿಜ್ಜಿನಲ್ಲಿ ಇಡಿಸಿದರು, ಅಷ್ಟೇ. ಬೆಳಿಗ್ಗೆ ನೋಡಿದರೆ ಟ್ಯೂಬಿನ ಮೇಲ್ಗಡೆ ಕೆನೆಯ ಪದರ! ಕೆಳಗಿನ ಸೀರಮ್ ಇನ್ನೂ ಸ್ವಲ್ಪ ಮಬ್ಬು.

ಆ ಕೆನೆ ಕೈಲೋಮೈಕ್ರಾನ್, ತಿಂದ ಕೊಬ್ಬನ್ನು ಕರುಳಿನಿಂದ ರಕ್ತಕ್ಕೆ ಹೊತ್ತು ತರುವ ದೊಡ್ಡ ಕಣ. ಕೊಲೆಸ್ಟ್ರಾಲ್, ಕೊಬ್ಬು ಎರಡೂ ನೀರಿನಲ್ಲಿ ಕರಗಲ್ಲ. ರಕ್ತದಲ್ಲಿ ಹೋಗಬೇಕಾದರೆ ಪೊಟ್ಟಣ ಬೇಕು. ನಾನು ಅದನ್ನು ಕಡುಬು ಅಂತ ನೆನಪಿಟ್ಟುಕೊಂಡಿದ್ದೇನೆ. ಹೂರಣ ಟ್ರೈಗ್ಲಿಸರೈಡ್ ಮತ್ತು ಕೊಲೆಸ್ಟ್ರಾಲ್ ಎಸ್ಟರ್. ಕಣಕ ಅಂದರೆ ಒಂದೇ ಪದರದ ಫಾಸ್ಫೋಲಿಪಿಡ್, ನೀರಿಗೆ ಹೊಂದುವ ತಲೆ ಹೊರಗೆ, ಎಣ್ಣೆಗೆ ಹೊಂದುವ ಬಾಲ ಒಳಗೆ. ಅದರ ನಡುವೆ ಒಂದಿಷ್ಟು ಬಿಡಿ ಕೊಲೆಸ್ಟ್ರಾಲ್. ಹೊರಗಿಂದ ಹಿಡಿದುಕೊಂಡಿರುವುದು ಅಪೊಪ್ರೋಟೀನ್ ಅನ್ನುವ ಪ್ರೋಟೀನ್. ಒಂದು ಎಲ್‌ಡಿಎಲ್ ಕಣಕ್ಕೆ ಒಂದೇ ಒಂದು ಅಪೊಬಿ-100. 4536 ಅಮೈನೋ ಆಸಿಡ್‌ಗಳ ಉದ್ದದ ಸರಪಳಿ, ಕಣವನ್ನು ಪಟ್ಟಿಯಂತೆ ಸುತ್ತಿರುತ್ತೆ. ಎಚ್‌ಡಿಎಲ್‌ನ ಮುಖ್ಯ ಪ್ರೋಟೀನ್ ಅಪೊಎ-1 ಬರೀ 243ರದು.

ಕಣ ಭಾರವೋ ಹಗುರವೋ ಅನ್ನೋದು ಅದರಲ್ಲಿ ಪ್ರೋಟೀನ್ ಎಷ್ಟು, ಕೊಬ್ಬು ಎಷ್ಟು ಅನ್ನೋದರಿಂದಲೇ ಗೊತ್ತಾಗುತ್ತೆ. ಎಚ್‌ಡಿಎಲ್ ತೂಕದಲ್ಲಿ ಸುಮಾರು ಅರ್ಧ ಪ್ರೋಟೀನ್, ಹಾಗಾಗಿ ಗಾತ್ರ ಚಿಕ್ಕದು, ಸಾಂದ್ರತೆ ಜಾಸ್ತಿ. ಕೈಲೋಮೈಕ್ರಾನಿನಲ್ಲಿ ಪ್ರೋಟೀನ್ ನೂರಕ್ಕೆ ಒಂದೆರಡು ಪಾಲು, 85ಕ್ಕೂ ಹೆಚ್ಚು ಪಾಲು ಟ್ರೈಗ್ಲಿಸರೈಡ್. ನೀರಿಗಿಂತ ಹಗುರ, ತೇಲದೆ ಇನ್ನೇನು? ಎಲ್‌ಡಿಎಲ್ ಕಣ 22 ನ್ಯಾನೋಮೀಟರ್ ಆಸುಪಾಸು. ರಿಪೋರ್ಟಿನಲ್ಲಿ ಎಲ್‌ಡಿಎಲ್ 250 ಬಂದರೂ ಸೀರಮ್ ತಿಳಿಯಾಗೇ ಕಾಣುತ್ತೆ. ಬಿಳಿ ಬರುವುದು ಟ್ರೈಗ್ಲಿಸರೈಡ್ ಹೊತ್ತ ದೊಡ್ಡ ಕಣಗಳಿಂದ. 'ಬಿಳಿ ಇದೆ, ಕೊಲೆಸ್ಟ್ರಾಲ್ ಜಾಸ್ತಿ' ಅನ್ನುವವರನ್ನು ಈಗಲೂ ನೋಡುತ್ತೇನೆ.

ಸೂತ್ರ ಕೈಕೊಟ್ಟದ್ದೂ ಇಲ್ಲೇ. ಖಾಲಿ ಹೊಟ್ಟೆಯ ರಕ್ತದಲ್ಲಿ ಟ್ರೈಗ್ಲಿಸರೈಡ್ ಹೆಚ್ಚಾಗಿ ಲಿವರ್ ಮಾಡುವ ವಿಎಲ್‌ಡಿಎಲ್ ಅನ್ನುವ ಕಣಗಳಲ್ಲಿ ಇರುತ್ತೆ. ಅಲ್ಲಿ ಐದು ಪಾಲು ಟ್ರೈಗ್ಲಿಸರೈಡಿಗೆ ಸುಮಾರು ಒಂದು ಪಾಲು ಕೊಲೆಸ್ಟ್ರಾಲ್, ಅದಕ್ಕೇ ಐದರ ಭಾಗಾಕಾರ. ಕೈಲೋಮೈಕ್ರಾನಿನಲ್ಲಿ ಕೊಲೆಸ್ಟ್ರಾಲ್ ಅಷ್ಟಿಲ್ಲ. ನಾನು 640ನ್ನು ಐದರಿಂದ ಭಾಗಿಸಿ 128 ಕಳೆದದ್ದು, ಅದರಲ್ಲಿ ಬಹುಪಾಲು ಅಲ್ಲಿ ಇಲ್ಲದ ಕೊಲೆಸ್ಟ್ರಾಲನ್ನು. ಟ್ರೈಗ್ಲಿಸರೈಡ್ 400 ದಾಟಿದರೆ ಈ ಸೂತ್ರ ಬಳಸಬಾರದು ಅಂತ ಸೂತ್ರ ಕೊಟ್ಟವರೇ ಹೇಳಿದ್ದರು. ನಾನು ಓದಿರಲಿಲ್ಲ.

ಹಿರಿಯರನ್ನು ಮತ್ತೆ ಕರೆಸಿದೆವು. ಅವತ್ತು ಬೆಳಿಗ್ಗೆ ಏನು ತಿಂದಿದ್ದಿರಿ ಅಂತ ಕೇಳಿದೆ. 'ಎರಡು ಬೆಣ್ಣೆ ದೋಸೆ' ಅಂದರು. ಊಟ ಮಾಡಿಲ್ಲ ಅಂದಿದ್ರಲ್ಲ? 'ಅದು ತಿಂಡಿ ಕಣಪ್ಪ, ನೀನು ಕೇಳಿದ್ದು ಊಟ!'

ಹನ್ನೆರಡು ಗಂಟೆ ಉಪವಾಸದ ರಕ್ತದಲ್ಲಿ ಟ್ರೈಗ್ಲಿಸರೈಡ್ 236, ಒಟ್ಟು 208, ಎಚ್‌ಡಿಎಲ್ 37. ಎಲ್‌ಡಿಎಲ್ 124.

ಈಗ ಸಾಮಾನ್ಯ ತಪಾಸಣೆಗೆ ಉಪವಾಸ ಬೇಕೇಬೇಕು ಅಂತಿಲ್ಲ. ಆದರೂ 400 ದಾಟಿದರೆ ನಾನು ಮತ್ತೆ ಕರೆಸುತ್ತೇನೆ, ಕರೆಸುವಾಗ ತಿಂಡಿ, ಕಾಫಿ, ಮಂಡಕ್ಕಿ ಎಲ್ಲದರ ಹೆಸರು ಹಿಡಿದು ಬೇಡ ಅಂತ ಹೇಳುತ್ತೇನೆ.