ಕಾರ್ಖಾನೆಯ ದತ್ತಾಂಶದಲ್ಲಿ ಕಾರ್ಮಿಕರ ಮನಸ್ಸನ್ನು ಓದುವ ಕ್ರಮ

'ಬಿಗ್ ಡೇಟಾ', ಅಂದರೆ ರಾಶಿ ರಾಶಿ ದತ್ತಾಂಶ, ಎಂದೊಡನೆ ಅದು ರಿಫೈನರಿ, ಬಂದರುಗಳಂಥ ದೊಡ್ಡವರ ವಿಷಯವೆಂದು ಮಂಗಳೂರಿನ ಕೈಗಾರಿಕಾ ಪ್ರದೇಶವಾದ ಬೈಕಂಪಾಡಿಯ ಮಧ್ಯಮ ಗಾತ್ರದ ಘಟಕಗಳು ಸುಮ್ಮನಾಗುವುದುಂಟು. ಆದರೆ 200 ಮಂದಿ ದುಡಿಯುವ ಒಂದು ಮೀನು ಸಂಸ್ಕರಣಾ ಘಟಕದಲ್ಲಿ ಹಾಜರಿ ಯಂತ್ರವೊಂದೇ, ಒಳಬರುವಾಗ ಒಂದು, ಹೊರಹೋಗುವಾಗ ಒಂದು ಎಂದು ವರ್ಷಕ್ಕೆ 300 ದಿನಗಳ ಲೆಕ್ಕದಲ್ಲಿ 1.2 ಲಕ್ಷ ಸಾಲುಗಳನ್ನು ಬರೆದಿಡುತ್ತದೆ. ಓವರ್‌ಟೈಮ್ ಪಟ್ಟಿ, ಯಂತ್ರಗಳ ದುರಸ್ತಿ ರಿಜಿಸ್ಟರ್, ಪ್ರಥಮ ಚಿಕಿತ್ಸೆಯ ಪುಸ್ತಕ, ಶೀತಲ ಕೊಠಡಿಯ ತಾಪಮಾನದ ದಾಖಲೆ ಇವೆಲ್ಲ ಬೇರೆ ಬೇರೆ ಮೇಜುಗಳ ಮೇಲಿರುತ್ತವೆ. ಸುರಕ್ಷತೆಯ ಬಗ್ಗೆ ಕಾರ್ಮಿಕರ ಮನಸ್ಸಿನಲ್ಲೇನಿದೆ, ಅವಘಡವನ್ನು ಹೇಳಲು ಅವರು ಅಂಜುತ್ತಾರೆಯೇ ಎಂದು ತಿಳಿಯಲು ಅವುಗಳನ್ನು ದಿನಾಂಕ, ಪಾಳಿ ಮತ್ತು ವಿಭಾಗ ಎಂಬ ಮೂರು ಕಲಮುಗಳ ಆಧಾರದಲ್ಲಿ ಒಂದೇ ಕೋಷ್ಟಕಕ್ಕೆ ತರುವುದು ಮೊದಲ ಕೆಲಸ. ಇದಕ್ಕೆ ದುಬಾರಿ ತಂತ್ರಾಂಶ ಬೇಕಿಲ್ಲ, ತಾಳ್ಮೆಯುಳ್ಳ ಒಬ್ಬ ಗುಮಾಸ್ತರು ಬೇಕು.

ಅಪಘಾತಗಳ ಸಂಖ್ಯೆಯನ್ನಷ್ಟೇ ನಂಬಿ ಹೊರಟರೆ ಮನಸ್ಸಿನ ಸುಳಿವು ಸಿಗುವುದಿಲ್ಲ. 1948ರ ಕಾರ್ಖಾನೆಗಳ ಕಾಯ್ದೆ ರೂಢಿಗೆ ತಂದ ಕ್ರಮದಲ್ಲಿ, ಸಾವು ಸಂಭವಿಸಿದಾಗ ಅಥವಾ ಗಾಯಾಳು 48 ಗಂಟೆ ಇಲ್ಲವೇ ಅದಕ್ಕೂ ಹೆಚ್ಚು ಕಾಲ ಕೆಲಸಕ್ಕೆ ಬರಲಾಗದಿದ್ದಾಗ ಸರಕಾರಕ್ಕೆ ಸೂಚನೆ ಹೋಗುತ್ತದೆ. ಅಂಥ ಘಟನೆಗಳು ವರ್ಷಕ್ಕೆ ಬೆರಳೆಣಿಕೆಯಷ್ಟಿರುತ್ತವೆ. ಅವುಗಳಿಂದ ಯಾವ ಪ್ರವೃತ್ತಿಯನ್ನೂ ಗುರುತಿಸಲಾಗದು. ಆದ್ದರಿಂದ ಕಾಲು ಜಾರಿಯೂ ಬೀಳದೆ ಉಳಿದದ್ದು, ಕತ್ತಿ ಕೈಗವಸಿಗಷ್ಟೇ ತಾಗಿದ್ದು, ಅಂದರೆ ಸ್ವಲ್ಪದರಲ್ಲಿ ತಪ್ಪಿದ ಅವಘಡಗಳನ್ನು ಹೆಸರು ಬರೆಯದೆ ತಿಳಿಸುವ ವ್ಯವಸ್ಥೆ ಮಾಡಬೇಕು. ಚೀಟಿ ಬರೆಯಲು ಹಿಂಜರಿಯುವವರಿಗೆ ಬಾಯಿಮಾತಿನಲ್ಲಿ ಹೇಳುವ ದಾರಿಯೂ ಇರಲಿ.

ಇನ್ನು ಹೋಲಿಕೆಯನ್ನು ಯಾವಾಗಲೂ ದುಡಿದ ಗಂಟೆಗಳ ಆಧಾರದಲ್ಲಿ ಮಾಡಬೇಕು. ಹಗಲು ಪಾಳಿಯಲ್ಲಿ 80 ಮಂದಿ ತಿಂಗಳಿಗೆ 16,000 ಗಂಟೆ ದುಡಿದು ಇಂಥ 16 ವರದಿ ಕೊಟ್ಟರು, ರಾತ್ರಿ ಪಾಳಿಯ 30 ಮಂದಿ 6,000 ಗಂಟೆಗಳಲ್ಲಿ 9 ವರದಿ ಕೊಟ್ಟರು ಎಂದಿಟ್ಟುಕೊಳ್ಳಿ. ಸಂಖ್ಯೆಯಲ್ಲಿ ಹಗಲು ಮುಂದಿದ್ದರೂ ಸಾವಿರ ಗಂಟೆಗೆ ಹಗಲಲ್ಲಿ 1, ರಾತ್ರಿಯಲ್ಲಿ 1.5 ಎಂದಾಗುತ್ತದೆ. ನಮ್ಮ ಕರಾವಳಿಯಲ್ಲಿ ಈ ಎಚ್ಚರ ಇನ್ನೂ ಮುಖ್ಯ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯದ ಕಾರಣ ಮೀನಿನ ಘಟಕಗಳಲ್ಲಿ ಕೆಲಸವೇ ತಗ್ಗುತ್ತದೆ. ಆ ತಿಂಗಳುಗಳಲ್ಲಿ ಅವಘಡ ಕಡಿಮೆಯಾಯಿತೆಂದು ಹಿಗ್ಗುವುದು ತಪ್ಪು ಲೆಕ್ಕ. ಆಗಸ್ಟಿನಲ್ಲಿ ಮಲ್ಪೆ, ಮಂಗಳೂರು ದಕ್ಕೆಗಳಿಂದ ಮೀನು ಬರತೊಡಗಿದಾಗ ಒದ್ದೆ ನೆಲ, ಹೊಸಬರ ಸೇರ್ಪಡೆ, ಬೇಗ ಮುಗಿಸುವ ಒತ್ತಡ ಮೂರೂ ಒಟ್ಟಿಗೆ ಬರುತ್ತವೆ, ಹಾಗಾಗಿ ಆ ವಾರಗಳನ್ನು ಪ್ರತ್ಯೇಕವಾಗಿಯೇ ನೋಡಬೇಕು.

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ಮೌನಕ್ಕೆ. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ 1996ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆಸ್ಪತ್ರೆಗಳ ಉತ್ತಮ ನಾಯಕತ್ವವಿದ್ದ ದಾದಿಯರ ತಂಡಗಳಲ್ಲೇ ಔಷಧದ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಅಲ್ಲಿ ತಪ್ಪನ್ನು ಹೇಳಲು ಅಂಜಿಕೆ ಕಡಿಮೆಯಿತ್ತು ಎಂಬುದು ಅವರ ವಿವರಣೆ. ಇದನ್ನು ನಮ್ಮಲ್ಲಿ ಪರೀಕ್ಷಿಸುವ ಸುಲಭ ಉಪಾಯ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಒಂದು ವಿಭಾಗದಿಂದ ಮೂರು ತಿಂಗಳು ಒಂದೂ ವರದಿ ಬಾರದೆ, ಅದೇ ಅವಧಿಯಲ್ಲಿ ಆ ವಿಭಾಗದ ಪೆಟ್ಟಿಗೆಯಲ್ಲಿ ಬ್ಯಾಂಡೇಜು ಎರಡು ಸಲ ಖಾಲಿಯಾಗಿದ್ದರೆ ಅಲ್ಲಿ ಗಾಯವಿದೆ, ಮಾತಿಲ್ಲ. ಅಂಥ ವಿಭಾಗದ ಮೇಲ್ವಿಚಾರಕರು ಬದಲಾದ ದಿನಾಂಕವನ್ನೂ, 'ಅಪಘಾತರಹಿತ ದಿನಗಳು' ಎಂಬ ಫಲಕಕ್ಕೆ ಬಹುಮಾನ ಘೋಷಿಸಿದ ದಿನಾಂಕವನ್ನೂ ಕೋಷ್ಟಕದಲ್ಲಿ ಸೇರಿಸಿ ನೋಡಿ. ಬಹುಮಾನ ಘೋಷಣೆಯಾದ ವಾರದಿಂದಲೇ ವರದಿಗಳು ನಿಂತಿದ್ದರೆ, ಜನರು ಜಾಗರೂಕರಾದರೆಂಬುದಕ್ಕಿಂತ ಮುಚ್ಚಿಡತೊಡಗಿದರೆಂಬ ಅನುಮಾನವೇ ಬಲವಾದದ್ದು. ಇಂಥ ಬಹುಮಾನಗಳನ್ನು ನಾನಂತೂ ಶಿಫಾರಸು ಮಾಡುವುದಿಲ್ಲ.

ವರದಿಗಳ ಭಾಷೆ ಇಲ್ಲಿನ ವಿಶೇಷ ತೊಡಕು. ಒಂದೇ ನೆಲದ ಮೇಲೆ ಒಬ್ಬರು 'ಜಾರಿದೆ' ಎಂದೂ ಇನ್ನೊಬ್ಬರು ತುಳುವಿನಲ್ಲಿ 'ಜಾರ್‌ದ್ ಬೂರಿಯೆ' ಎಂದೂ ಒಡಿಶಾ, ಜಾರ್ಖಂಡ್ ಕಡೆಯವರು ಹಿಂದಿಯಲ್ಲಿ 'ಫಿಸಲ್ ಗಯಾ' ಎಂದೂ ಹೇಳುತ್ತಾರೆ. ತಂತ್ರಾಂಶವು ಅವನ್ನು ಮೂರು ಬೇರೆ ವಿಷಯಗಳಾಗಿ ಎಣಿಸುತ್ತದೆ. ಆದುದರಿಂದ ಮೊದಲ ಕೆಲವು ನೂರು ವರದಿಗಳನ್ನು ಮನುಷ್ಯರೇ ಓದಿ, ಸಮಾನಾರ್ಥಕ ಪದಗಳ ಪಟ್ಟಿ ಸಿದ್ಧಪಡಿಸಿ, ಬಳಿಕವೇ ಯಂತ್ರಕ್ಕೆ ಒಪ್ಪಿಸಬೇಕು. ಕೇಳಿದ್ದಕ್ಕೆಲ್ಲ ತುಳುವಿನಲ್ಲಿ 'ದಾಲ ಇಜ್ಜಿ' (ಏನೂ ಇಲ್ಲ) ಎಂಬ ಉತ್ತರವೇ ಬರುತ್ತಿದ್ದರೆ ಅದನ್ನೂ ಅಳಿಸದೆ ಎಣಿಸಿ.

ಗೋಪ್ಯತೆಯ ವಿಷಯದಲ್ಲಿ ಸಡಿಲ ಕೂಡದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮಾತು ಒಂದು ಕಡೆಗಿರಲಿ, ಹಾಜರಿಯ ಮಾಹಿತಿಯಿಂದ ಯಾರನ್ನೋ ಗುರುತಿಸಿ ಗದರಿದರೆಂಬ ಸುದ್ದಿ ಕ್ಯಾಂಟೀನಿಗೆ ತಲುಪಿದ ದಿನವೇ ವರದಿಗಳು ನಿಲ್ಲುತ್ತವೆ. ಹೆಸರನ್ನೂ ನೌಕರ ಸಂಖ್ಯೆಯನ್ನೂ ಕೋಷ್ಟಕದಿಂದ ತೆಗೆದುಬಿಡಿ; ಹತ್ತಕ್ಕಿಂತ ಕಡಿಮೆ ಜನರಿರುವ ಗುಂಪಿನ ಫಲಿತಾಂಶವನ್ನು ಪ್ರತ್ಯೇಕವಾಗಿ ತೋರಿಸಬೇಡಿ.

ಕೋಷ್ಟಕ ತೋರಿಸುವುದು ಎಲ್ಲಿ, ಯಾವಾಗ ಎಂಬುದನ್ನಷ್ಟೇ. ಏಕೆ ಎಂಬುದನ್ನು ಪಾಳಿ ಬಿಡುವ ಹೊತ್ತಿಗೆ ನಾಲ್ಕೈದು ಮಂದಿಯೊಡನೆ ಕೂತು, ಅವರ ಭಾಷೆಯಲ್ಲೇ ಮಾತಾಡುವವರೊಬ್ಬರ ಮೂಲಕ, ಮೇಲ್ವಿಚಾರಕರಿಲ್ಲದೆ ಕೇಳಬೇಕು. ಅಲ್ಲಿ ಬಂದ ದೂರಿನಲ್ಲಿ ಒಂದನ್ನಾದರೂ, ಅದು ಐಸ್ ಕೊಠಡಿಯ ಬಾಗಿಲ ಬಳಿಯ ಬಲ್ಬೇ ಆಗಿರಲಿ, ಅದೇ ವಾರ ಸರಿಪಡಿಸಿ, ಯಾವ ವರದಿಯಿಂದ ಅದು ಸರಿಯಾಯಿತೆಂದು ಕನ್ನಡ ಮತ್ತು ಹಿಂದಿಯಲ್ಲಿ ಕ್ಯಾಂಟೀನಿನ ಗೋಡೆಗೆ ಅಂಟಿಸಿ. ಆ ದಿನಾಂಕದ ಮುಂದಿನ ತಿಂಗಳ ವರದಿಗಳ ಸಂಖ್ಯೆಯನ್ನು ಅದರ ಹಿಂದಿನ ತಿಂಗಳ ಸಂಖ್ಯೆಗೆ ಹೋಲಿಸಿ.